ಮೂವತ್ತಾರು ಚಿತ್ರಗಳ ಪ್ರವಾಸ

ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರ ಮನೆಗಳಲ್ಲಿ ಹಿಂದೆ ಎಲ್‌.ಟಿ.ಸಿ. ಮಂಜೂರಾಯಿತೆಂದರೆ, ರೈಲಿನ ಟಿಕೆಟಿನ ಜತೆಗೇ ಕ್ಯಾಮೆರಾಕ್ಕೊಂದು ರೀಲು ಕೊಳ್ಳುವ ಮಾತೂ ಬರುತ್ತಿತ್ತು. ರೀಲಿಗೆ 36 ಚಿತ್ರ. ಹಂಪಿ, ಬಾದಾಮಿ, ಸೋದರಮಾವನ ಮಗಳ ಮದುವೆ, ಎಲ್ಲಕ್ಕೂ ಸೇರಿ ಅಷ್ಟೇ. "ಸುಮ್ಮನೆ ಒತ್ತಬೇಡವೋ!" ಎಂದು ಹಿರಿಯರು ಗದರಿಸದ ಪ್ರವಾಸವೇ ಇರಲಿಲ್ಲ.

ಫಿಲ್ಮು ಬರುವುದಕ್ಕೆ ಮೊದಲಿನ ಹವ್ಯಾಸಿಗಳ ಪಾಡು ಕೇಳಿದರೆ 36 ದೊಡ್ಡ ಸಂಪತ್ತೆನಿಸುತ್ತದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಗೆ ಬಂದದ್ದು ಸುಮಾರು 16 ಅಂಗುಲಕ್ಕೆ 18 ಅಂಗುಲದ ಕಾಗದ ಹಿಡಿಸುವ ಕ್ಯಾಮೆರಾದೊಡನೆ. ಮೇಣ ಹಚ್ಚಿ, ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ಅಂದಿನ ನೆಗೆಟಿವ್. ಆ ಬಿಸಿಲಿನಲ್ಲೂ ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕು. ಆತನ ಶ್ರಮದ ಬೆಲೆ ತಿಳಿಯಬೇಕಾದರೆ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರ ನೋಡಬೇಕು. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ನಾವು ನೀವು ಕಂಡ ರಥಕ್ಕೆ ಅದಿಲ್ಲ. ಮುಂದೆ 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಏನು ಉಳಿದಿದೆ, ಏನು ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹೊರೆಯನ್ನು ಇಳಿಸಿದವರು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರ ಅವರ ಕೊಡಕ್ ಕ್ಯಾಮೆರಾದೊಳಗೆ 100 ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕು. ಅವರೇ ತೊಳೆದು, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. ಮರುವರ್ಷ ಸೆಲ್ಯುಲಾಯ್ಡ್ ಫಿಲ್ಮು ಬಂತು.

ಇನ್ನು ನಮ್ಮ 36ರ ಲೆಕ್ಕ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಂಪನಿಯ ಕುಶಲಕರ್ಮಿ ಆಸ್ಕರ್ ಬಾರ್ನಾಕ್‌ಗೆ ಬೆಟ್ಟಗುಡ್ಡ ತಿರುಗಿ ಚಿತ್ರ ತೆಗೆಯುವ ಹುಚ್ಚು, ಜತೆಗೆ ಆಸ್ತಮಾ. ಗಾಜಿನ ಪ್ಲೇಟುಗಳನ್ನು ಹೊತ್ತು ಏರಿದರೆ ಉಬ್ಬಸ ಬರುತ್ತಿತ್ತು. ಆತ 1914ರ ಹೊತ್ತಿಗೆ ಸಿನಿಮಾದ 35 ಮಿ.ಮೀ. ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳನ್ನು ಒಂದು ಮಾಡಿ, ಕೋಟಿನ ಜೇಬಿನಲ್ಲಿ ಹಿಡಿಯುವ ಕ್ಯಾಮೆರಾ ಮಾಡಿದರು. ನಡುವೆ ಮಹಾಯುದ್ಧ ಬಂದದ್ದರಿಂದ ಅದು 'ಲೈಕಾ' ಎಂಬ ಹೆಸರಿನಲ್ಲಿ ಪೇಟೆಗೆ ಬಂದದ್ದು 1925ರಲ್ಲಿ. ಒಬ್ಬ ರೋಗಿಯ ಉಬ್ಬಸದಿಂದ ಲೋಕದ ಪ್ರವಾಸಿಗಳ ಹೆಗಲು ಹಗುರಾಯಿತೆನ್ನಬೇಕು.

ನಮ್ಮಲ್ಲಿ ಅನೇಕರ ತಂದೆಯವರ ಕಾಲಕ್ಕೆ ಲೈಕಾ ದೂರದ ಮಾತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಇತ್ತು, ರೀಲಿಗೆ 12 ಚೌಕ ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಭಾರತ ಸರ್ಕಾರದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಗಿ, 1967ರಿಂದ ಉತ್ಪಾದನೆ ಆರಂಭವಾಯಿತು. ಅದರ ಕಪ್ಪು ಬಿಳುಪು ಫಿಲ್ಮಿನ ಹೆಸರು 'ಇಂದು'. ಚಂದ್ರ ಎಂಬ ಅರ್ಥದ ಆ ಹೆಸರು ಕನ್ನಡಿಗರ ಕಿವಿಗೆ ಮಾತ್ರ ಈ ದಿನ ಎಂದೂ ಕೇಳುತ್ತದೆ. ಬಣ್ಣವೂ ಆಮೇಲೆ ಡಿಜಿಟಲ್ಲೂ ಬಂದವು, ಕಾರ್ಖಾನೆ ಮುಚ್ಚಿತು.

ಬಿ.ಎಸ್ಸಿ. ತರಗತಿಯಲ್ಲಿ ಸಿಲ್ವರ್ ನೈಟ್ರೇಟ್ ತಾಗಿ ಬೆರಳು ಕಪ್ಪಾದವರಿಗೆಲ್ಲ ಫಿಲ್ಮಿನ ಗುಟ್ಟು ಗೊತ್ತು. ಬೆಳಕು ಬಿದ್ದ ಬೆಳ್ಳಿಯ ಲವಣ ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ, ಉಳಿದದ್ದನ್ನು ಹೈಪೊ ಕರಗಿಸುತ್ತದೆ. ಚೆನ್ನಾಗಿ ತೊಳೆದ ಕಪ್ಪು ಬಿಳುಪಿನ ಬೆಳ್ಳಿ ಬಹುಕಾಲ ಬಾಳುತ್ತದೆ. ಬಣ್ಣದ ಚಿತ್ರದಲ್ಲಿರುವುದು ಬರೀ ವರ್ಣದ್ರವ್ಯ, ಮಾಸಿಹೋಗುತ್ತದೆ. ಆದರೆ ಬೆಳ್ಳಿಯನ್ನು ಹೊತ್ತ ಅಸಿಟೇಟ್ ಹಾಳೆಗೇ ಸೆಕೆ, ತೇವ ಆಗದು. ಮುಂಬಯಿ, ಮದರಾಸಿನಂಥ ಕಡಲೂರುಗಳಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ ಎಂದೇ ತಿಳಿಯಬೇಕು. ಆ ವಾಸನೆ ಪಕ್ಕದ ಸುರುಳಿಗಳನ್ನೂ ಕೆಡಿಸುತ್ತದೆ. ಬೇರೆಯಾಗಿಟ್ಟು, ಬೇಗ ಸ್ಕ್ಯಾನ್ ಮಾಡಿಸುವುದೊಂದೇ ದಾರಿ.

ಬಾಗಲಕೋಟೆ ಕಡೆಯ ಪರಿಚಿತರೊಬ್ಬರ ಮನೆಯಲ್ಲಿ ಇಂಥದೇ ಡಬ್ಬಿಯೊಂದು ಈಚೆಗೆ ತೆರೆಯಿತು. ಹಳೆಯ ಊರಿನ ಕೆಲವು ಭಾಗಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆಯಷ್ಟೆ. ಅವರ ತಂದೆ ರಜೆಗೆ ಹೋದಾಗ ತೆಗೆದ 12 ನೆಗೆಟಿವ್‌ಗಳಲ್ಲಿ ಐದು ಸುಕ್ಕುಗಟ್ಟಿ ಹೋಗಿದ್ದವು. ಉಳಿದ ಏಳರಲ್ಲಿ ಮನೆಯ ಕಟ್ಟೆ, ಓಣಿ, ಓಣಿಯ ತುದಿಯ ಬಾವಿ ಕಾಣುತ್ತವೆ. ಕಟ್ಟೆಯ ಮೇಲೆ ಕುಳಿತ ಮುದುಕಿ ಯಾರೆಂದು ಹೇಳುವವರು ಈಗ ಆ ಮನೆಯಲ್ಲಿ ಅಜ್ಜಿಯೊಬ್ಬರೇ. ಅವರಿಗೆ ತೊಂಬತ್ತು ದಾಟಿದೆ.