ಕಲ್ಯಾಣದಲ್ಲಿ ತುತ್ತಿನ ಲೆಕ್ಕ

ಮನುಷ್ಯನೊಬ್ಬನಿಗೆ ದಿನವೊಂದಕ್ಕೆ ಎಷ್ಟು ಆಹಾರ ಬೇಕು, ಆ ಆಹಾರ ಎಂತಹುದಾಗಿರಬೇಕು ಎಂಬ ಪ್ರಶ್ನೆಯನ್ನು ನಾವು ಇಂದು ವೈದ್ಯರ ಮುಂದೆ ಇಡುತ್ತೇವೆ. ಆದರೆ ಬೀದರ ಜಿಲ್ಲೆಯ ಬಸವಕಲ್ಯಾಣವು ಬರಿಯ ಕಲ್ಯಾಣವೆಂಬ ಹೆಸರಿನಿಂದ ಚಾಲುಕ್ಯರ, ಬಳಿಕ ಕಳಚುರಿಗಳ ರಾಜಧಾನಿಯಾಗಿ ಮೆರೆಯುತ್ತಿದ್ದಾಗ, ಸುಮಾರು ನೂರು ವರ್ಷಗಳ ಅವಧಿಯೊಳಗೇ, ಇದೇ ಪ್ರಶ್ನೆಗೆ ಧರ್ಮಶಾಸ್ತ್ರಜ್ಞನ ಗ್ರಂಥವೊಂದರಿಂದಲೂ ಅರಸನೊಬ್ಬನ ಪಾಕಶಾಲೆಯಿಂದಲೂ ಬಡಕಾಯಕದವನ ಹೆಂಡತಿಯ ಬಾಯಿಂದಲೂ ಮೂರು ಬೇರೆಬೇರೆ ಉತ್ತರಗಳು ಹೊರಟವು. ಅವುಗಳಲ್ಲಿ ಕಡೆಯದೇ ಅತ್ಯಂತ ಆಳವಾದುದೆಂದು ನನಗೆ ತೋರುತ್ತದೆ.

ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕಾಡಿನಲ್ಲಿ ತಪಸ್ಸಿಗೆ ನಿಂತವನು ಗ್ರಾಮದಿಂದ ಎಂಟು ತುತ್ತುಗಳನ್ನು ಮಾತ್ರ ತಂದು ಮೌನದಿಂದ ಉಣ್ಣಬಹುದೆಂದು ಆ ಸ್ಮೃತಿ ವಿಧಿಸುತ್ತದೆ. ಅದಕ್ಕೂ ಹಿಂದಿನ ಧರ್ಮಸೂತ್ರಗಳ ಪರಂಪರೆಯಲ್ಲಿ ಮುನಿಗೆ ಎಂಟು, ವಾನಪ್ರಸ್ಥನಿಗೆ ಹದಿನಾರು, ಗೃಹಸ್ಥನಿಗೆ ಮೂವತ್ತೆರಡು ತುತ್ತುಗಳ ಕಟ್ಟಳೆಯಿದ್ದು, ಬೆಳೆಯುವ ವಯಸ್ಸಿನ ಬ್ರಹ್ಮಚಾರಿಗೆ ಮಾತ್ರ ಮಿತಿಯೇ ಇಲ್ಲ. ವಯಸ್ಸೂ ದುಡಿಮೆಯೂ ಹೆಚ್ಚುಕಡಿಮೆಯಾದಂತೆ ಆಹಾರದ ಪ್ರಮಾಣವೂ ವ್ಯತ್ಯಾಸ ಹೊಂದಬೇಕೆಂಬ ವಿವೇಕವು ಇಲ್ಲಿ ವಿಧಿಯ ರೂಪ ತಾಳಿದೆ. ತುತ್ತೆಂಬುದು ಉಣ್ಣುವವನ ಕೈಯ ಅಳತೆಯೇ ಆದುದರಿಂದ, ದೊಡ್ಡ ಮೈಯವನ ಎಂಟು ತುತ್ತು ಸಣ್ಣ ಮೈಯವನ ಎಂಟು ತುತ್ತಿಗಿಂತ ತಾನಾಗಿಯೇ ಹಿರಿದಾಗುತ್ತದೆ. ವೈದ್ಯಶಾಸ್ತ್ರವಂತೂ ಇನ್ನೂ ಸ್ಪಷ್ಟವಾಗಿ, ಆಹಾರದ ಮಾತ್ರೆಯು ಅವರವರ ಅಗ್ನಿಬಲವನ್ನು ಅವಲಂಬಿಸಿದೆಯೆಂದೂ, ಹೊಟ್ಟೆಯ ಎರಡು ಪಾಲನ್ನು ಅನ್ನದಿಂದ, ಒಂದು ಪಾಲನ್ನು ನೀರಿನಿಂದ ತುಂಬಿ ನಾಲ್ಕನೆಯದನ್ನು ವಾಯುವಿಗೆ ಬಿಡಬೇಕೆಂದೂ ವಾಗ್ಭಟನ ಕಾಲಕ್ಕೇ ಹೇಳಿತ್ತು.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗವೆಂಬ ಪ್ರಕರಣದಲ್ಲಿ ಉದ್ದಿನ ಹಿಟ್ಟಿನ ಇಡ್ಡರಿಕಾ, ದೋಸಕ, ವಟಕ, ಪೂರಿಕಾ ಮೊದಲಾದ ಭಕ್ಷ್ಯಗಳೂ ನಾನಾ ಬಗೆಯ ಮಾಂಸಪಾಕಗಳೂ ವರ್ಣಿತವಾಗಿವೆ, ಕುಡಿಯುವ ನೀರಿಗೇ ಪ್ರತ್ಯೇಕವಾದ ಪಾನೀಯಭೋಗವುಂಟು. ಆಹಾರದ ಗುಣದ ವಿಚಾರದಲ್ಲಿ ಇಷ್ಟು ಸೂಕ್ಷ್ಮವಾದ ಗ್ರಂಥ ನಮ್ಮ ನಾಡಿನಲ್ಲಿ ವಿರಳ. ಆದರೆ ಎಷ್ಟು ಸಾಕೆಂಬ ಚಿಂತೆ ಅರಸನನ್ನು ಬಾಧಿಸಲಿಲ್ಲ. ಬಾಧಿಸಬೇಕಾದ ಕಾರಣವೂ ಅವನಿಗಿರಲಿಲ್ಲ.

ಆ ಚಿಂತೆಯನ್ನು ಹೊತ್ತವಳು ಆಯ್ದಕ್ಕಿ ಲಕ್ಕಮ್ಮ. ಕಳಚುರಿ ಬಿಜ್ಜಳನ ಕಾಲದಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹಕ್ಕಾಗಿ ಬಂದ ಅಕ್ಕಿಯಲ್ಲಿ ಅಂಗಳಕ್ಕೆ ಬಿದ್ದ ಕಾಳುಗಳನ್ನು ಆಯ್ದು ತರುವುದೇ ಅವಳ ಗಂಡ ಮಾರಯ್ಯನ ಕಾಯಕವಾಗಿತ್ತು. ಇಬ್ಬರೂ ಇಂದಿನ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬಡತನದ ಮನೆಯಲ್ಲಿ ಅನಾಯಾಸವಾಗಿ ಒದಗಿದ ಆ ಅಧಿಕವನ್ನು ಕಂಡು ಹಿಗ್ಗಬೇಕಾಗಿದ್ದ ಲಕ್ಕಮ್ಮನು, ಇದು ನಮ್ಮ ಅಳತೆಗೆ ಮೀರಿದುದೆಂದು ಗಂಡನನ್ನು ಎಚ್ಚರಿಸಿ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯೂ ಈ ದಂಪತಿಗಳ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಇದನ್ನು ನಾವು ಸಾಮಾನ್ಯವಾಗಿ ನಿರಾಶೆಯ ಆದರ್ಶವೆಂದು ಕೊಂಡಾಡುತ್ತೇವೆ. ನನಗಾದರೋ ಲಕ್ಕಮ್ಮನ ಲೆಕ್ಕದ ಖಚಿತತೆಯೇ ಹೆಚ್ಚು ಆಶ್ಚರ್ಯಕರ. ತನಗೂ ಗಂಡನಿಗೂ ಮನೆಗೆ ಬರುವ ಜಂಗಮರಿಗೂ ದಿನಕ್ಕೆ ಬೇಕಾದುದೆಷ್ಟೆಂಬುದನ್ನು ಅವಳು ಹಿಡಿಯಷ್ಟೂ ತಪ್ಪದಂತೆ ಬಲ್ಲವಳಾಗಿದ್ದಳು. ಆ ಪ್ರಮಾಣವನ್ನು ಅವಳಿಗೆ ಯಾವ ಶಾಸ್ತ್ರಿಯೂ ವಿಧಿಸಿರಲಿಲ್ಲ.

ಕಲ್ಯಾಣದ ವೈಭವ ಅಳಿದರೂ ಅನ್ನವಿಕ್ಕುವ ಸಂಪ್ರದಾಯ ಈ ಸೀಮೆಯಲ್ಲಿ ಅಳಿಯಲಿಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಸಂತ ಮಾಣಿಕ ಪ್ರಭುಗಳು ಹುಮನಾಬಾದಿನ ಸಮೀಪದಲ್ಲಿ ನೆಲೆನಿಂತ ಮೇಲೆ ಮಾಣಿಕನಗರವೂ ಅನ್ನಸಂತರ್ಪಣೆಗೆ ಹೆಸರಾಯಿತು. ಒಕ್ಕಲಿಗರ ಮನೆಗಳಲ್ಲಿ ರೊಟ್ಟಿಯ ಎಣಿಕೆಯೇ ಹಸಿವಿನ ಅಳತೆ: ರಾಶಿಯ ದಿನಗಳಲ್ಲಿ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಜೋಳದ ರೊಟ್ಟಿ ಏರುವುದು, ಕೆಲಸ ತಗ್ಗಿದಾಗ ಇಳಿಯುವುದು; ಅದರೊಡನೆ ಝುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯಲ್ಲಂತೂ ಹಸಿಯ ಕಾಳು, ತರಕಾರಿ, ಸೊಪ್ಪುಗಳೆಲ್ಲ ಕಡಲೆಹಿಟ್ಟಿನೊಡನೆ ಬೆಂದು ಒಂದಾಗುತ್ತವೆ. ಆದರೆ ಇದು ಹೊಲವಿದ್ದವರ ಊಟ. ಕಾಳನ್ನೇ ಕೂಲಿಯಾಗಿ ಪಡೆಯುತ್ತಿದ್ದವರ ಪಾಲಿಗೆ ಎಷ್ಟೋ ದಿನ ರೊಟ್ಟಿಯೂ ಕಾರವೂ ಮಾತ್ರ.

ಅನ್ಯರ ಹೊಟ್ಟೆಯನ್ನು ದೂರದಿಂದ ಅಳೆಯುವ ಪ್ರಯತ್ನ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ದಖ್ಖಣವು 1876–78ರ ಮಹಾಕ್ಷಾಮದಲ್ಲಿ ಕಂಡಿತು. ಅದಕ್ಕೆ ಸುಮಾರು ಹತ್ತು ವರ್ಷ ಹಿಂದೆ ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಯಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಹಣವೂ ಸಾಕೆಂದು ಕೂಲಿಯನ್ನು ಇಳಿಸಿದನು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಅಷ್ಟರಿಂದ ದುಡಿಯುವ ದೇಹ ಕ್ಷಯಿಸುವುದೆಂದೂ ಧಾನ್ಯದೊಡನೆ ಬೇಳೆಯೂ ಬೇಕೆಂದೂ ಬಲವಾಗಿ ಪ್ರತಿಭಟಿಸಿದನು. ಇಂದಿನ ಗಣನೆಯಲ್ಲಿ 100 ಗ್ರಾಂ ಜೋಳದಿಂದ 349 ಕಿಲೋಕ್ಯಾಲರಿ ದೊರೆಯುವುದರಿಂದ, ಆ ಒಂದು ಪೌಂಡು ಜೋಳವೇ ಆಗಿದ್ದರೂ ಸುಮಾರು 1,580 ಕಿಲೋಕ್ಯಾಲರಿ ಮಾತ್ರ. ಭಾರಿ ದುಡಿಮೆಯ ಗಂಡಸಿಗೆ ಬೇಕೆಂದು ಈಗ ನಿಗದಿಯಾಗಿರುವುದು 3,470.

ಈ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಶಾಸ್ತ್ರೀಯವಾದ ಅಡಿಪಾಯ ಬಿದ್ದುದು ಕೂನೂರಿನಲ್ಲಿ. ಅಲ್ಲಿಯ ಪೋಷಣಾಶಾಸ್ತ್ರದ ಪ್ರಯೋಗಾಲಯದಿಂದ ವಿಜ್ಞಾನಿ ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಮೌಲ್ಯದ ಪಟ್ಟಿಯನ್ನು ಪ್ರಕಟಿಸಿದನು. ಮುಂದೆ ಆ ಸಂಸ್ಥೆ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಜೋಳದ ಸೀಮೆಯ ನಡುವಿಗೇ ಬಂದ ಅದರ ವಿಜ್ಞಾನಿಗಳ ಗಮನ ಸೆಳೆದುದು, ಬಿಸಿಲು ತಾಕುವ ಕೈಕಾಲು ಕುತ್ತಿಗೆಗಳ ಚರ್ಮ ಕಪ್ಪುಗಟ್ಟಿ ಸುಲಿಯುವ ಪೆಲಾಗ್ರ ಎಂಬ ರೋಗ. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವು ಇದಕ್ಕೆ ಕಾರಣವೆಂದು ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ವಾದಿಸಿದರು. ಆ ವಾದ ಮುಂದೆ ಬಹಳ ಚರ್ಚೆಗೊಳಗಾಯಿತು. ಆದರೆ ಜೋಳವೊಂದನ್ನೇ ನೆಚ್ಚಿದ ಬಡವರನ್ನು ಈ ರೋಗ ಹಿಡಿಯುತ್ತಿತ್ತೆಂಬುದರಲ್ಲಿ ವಿವಾದವಿಲ್ಲ. ಹೊಟ್ಟೆ ತುಂಬಿದವನೂ ಹೀಗೆ ಹಸಿದಿರಬಲ್ಲನು. ಇದನ್ನು ತಿಳಿದ ಮೇಲೆ ಝುಣಕವನ್ನೂ ಪುಂಡಿಪಲ್ಯವನ್ನೂ ಬರಿಯ ನಂಜಿಕೊಳ್ಳುವ ಪದಾರ್ಥಗಳೆಂದು ಕರೆಯಲು ನನಗೆ ಮನಸ್ಸು ಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ನಿಗದಿಯಂತೆ 55 ಕಿಲೋ ತೂಕದ ಹೆಂಗಸಿಗೆ, ಕುಳಿತು ಮಾಡುವ ಕೆಲಸವಾದರೆ 1,660, ಭಾರಿ ದುಡಿಮೆಯಾದರೆ 2,720 ಕಿಲೋಕ್ಯಾಲರಿ ಬೇಕು. ಈ ಅಂತರವೆಂದರೆ ಸುಮಾರು 300 ಗ್ರಾಂ ಜೋಳ. ಕಬ್ಬು ಕಡಿಯಲು ಹೋಗುವ ತಾಯಿಗೂ ಪೇಟೆಯಲ್ಲಿ ಕುಳಿತು ಓದುವ ಮಗಳಿಗೂ ನಡುವೆ ಇಷ್ಟು ವ್ಯತ್ಯಾಸವಿದ್ದರೂ, ಎಲ್ಲರೂ ಉಂಡಾದ ಮೇಲೆ ಉಳಿದುದನ್ನು ಉಣ್ಣುವ ರೂಢಿಯಿರುವ ಮನೆಯಲ್ಲಿ ಆ 300 ಗ್ರಾಂ ಮೊದಲು ಕಳೆದುಹೋಗುವುದು ತಾಯಿಯ ತಟ್ಟೆಯಿಂದಲೇ. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟುದು ಹಿರಿದಾದ ಸಂಗತಿ. ಅದು ಅಕ್ಕಿಯಾದರೆ ದಿನಕ್ಕೆ ಸುಮಾರು 575 ಕಿಲೋಕ್ಯಾಲರಿ ಒದಗುತ್ತದೆ. ದುಡಿಯುವವಳಿಗೂ ಕುಳಿತವಳಿಗೂ ಅದು ಒಂದೇ. ತೊಗರಿ, ಕಡಲೆ, ಉದ್ದುಗಳನ್ನು ಬೆಳೆದು ಹೊರನಾಡಿಗೆ ಕಳುಹಿಸುವ ಬಸವಕಲ್ಯಾಣ, ಹುಮನಾಬಾದು ತಾಲೂಕುಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಜೊತೆಗೆ ಜೋಳವೂ ಬೇಳೆಯೂ ತಪ್ಪದೆ ದೊರೆಯಬೇಕೆಂದು ಕೇಳುವುದಕ್ಕೆ ಕಾರ್ನಿಷನು 1877ರಲ್ಲಿ ಕೊಟ್ಟ ಕಾರಣಗಳೇ ಇಂದಿಗೂ ಸಾಕಾಗುತ್ತವೆ.