ಶಿರೂರಿನ ಹುಡುಗಿಯರು, ಚಂಡೀಗಢದ ತೀರ್ಪು



1994ರ ಫೆಬ್ರವರಿಯ ಮಾತು. ಪುಣೆ ಜಿಲ್ಲೆಯ ಶಿರೂರಿನಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಸರ್ಕಾರಿ ವಸತಿಗೃಹವಿತ್ತು. ಅಲ್ಲಿಯ ಹತ್ತಕ್ಕೂ ಹೆಚ್ಚು ಜನರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಒಯ್ದು ಗರ್ಭಕೋಶ ತೆಗೆದರು. ಮುಟ್ಟಿನ ದಿನಗಳಲ್ಲಿ ಸ್ವಚ್ಛತೆ ಕಾಯ್ದುಕೊಳ್ಳಲು ಅವರಿಗೆ ಬಾರದು ಎಂಬುದು ಕೊಟ್ಟ ಕಾರಣ. ಬಸುರಾದರೆ ಹೇಗೆ ಎಂಬ ಅಂಜಿಕೆಯ ಮಾತೂ ಬಂತು. ಮಹಿಳಾ ಸಂಘಟನೆಗಳು ಕೂಗೆಬ್ಬಿಸಿದ ಮೇಲೆ ಸರ್ಕಾರ ಅದನ್ನು ನಿಲ್ಲಿಸಿತು, ಆದವರಿಗೆ ಆಗಿಹೋಗಿತ್ತು. ಗರ್ಭಕೋಶ ತೆಗೆದರೆ ಮುಟ್ಟು ನಿಂತೀತು, ಬಲಾತ್ಕಾರ ನಿಂತೀತೆ? ಕೆಟ್ಟ ಕೆಲಸ ಮಾಡಿದವನ ಗುರುತು ಮುಚ್ಚಿದಂತಾಯಿತು, ಅಷ್ಟೆ.

ಈ ಯೋಚನೆ ನಮ್ಮಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲಿಯೇ ಕ್ಯಾರಿ ಬಕ್ ಎಂಬ ತರುಣಿಗೆ ಮಕ್ಕಳಾಗದಂತೆ ಆಪರೇಶನ್ ಮಾಡಲು ಒಪ್ಪಿಗೆ ಕೊಟ್ಟಿತ್ತು. ಆಕೆಗೆ ಬುದ್ಧಿ ಕಡಿಮೆ ಎಂಬುದೇ ಸುಳ್ಳೆಂದು ಆಮೇಲೆ ತಿಳಿಯಿತು.

ನಮ್ಮ ದೇಶದಲ್ಲಿ ಮಾತು ತಿರುಗಿದ್ದು 2009ರಲ್ಲಿ. ಚಂಡೀಗಢದ ಸರ್ಕಾರಿ ಆಶ್ರಯಗೃಹದಲ್ಲಿದ್ದ ಅನಾಥ ತರುಣಿಯೊಬ್ಬಳು ಬಲಾತ್ಕಾರದಿಂದ ಬಸುರಾದಳು. ಹೈಕೋರ್ಟು ಗರ್ಭ ತೆಗೆಸಲು ಹೇಳಿತು. ಆಕೆಗೋ ಕೂಸು ಬೇಕಾಗಿತ್ತು. ಸುಪ್ರೀಂ ಕೋರ್ಟು ಆಕೆಯ ಮಾತನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ಮನೋರೋಗ ಬೇರೆ, ಬುದ್ಧಿಮಾಂದ್ಯ ಬೇರೆ; ಬುದ್ಧಿಮಾಂದ್ಯಳಾದ ವಯಸ್ಕಳ ಬದಲು ಇನ್ನೊಬ್ಬರು ಒಪ್ಪಿಗೆ ಕೊಡಲಾಗದು ಎಂದಿತು. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಕಟ್ಟೆಗಳ ಮೇಲೆ ಎರಡಕ್ಕೂ 'ಹುಚ್ಚು' ಎಂದೇ ಅನ್ನುವವರಿದ್ದಾರೆ. ಅವರು ಈ ಭೇದವನ್ನು ಗಮನಿಸಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೆಯ ಕಲಮು ಇನ್ನೂ ಸ್ಪಷ್ಟವಾಗಿದೆ: ಮಕ್ಕಳು, ಕುಟುಂಬ ಯೋಜನೆ ಕುರಿತ ತಿಳಿವಳಿಕೆ ಅವರಿಗೆ ಸಿಗಬೇಕು; ತಿಳಿದು ಕೊಟ್ಟ ಸ್ವಂತ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಮಾಡುವಂತಿಲ್ಲ.

ತಿಳಿಸುವುದು ಹೇಗೆ? ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ. ದವಾಖಾನೆಯಲ್ಲಿ ಕೇಳುವುದು ಮರಾಠಿಯಲ್ಲಿ, ಹುಡುಗಿ ಮನೆಯಲ್ಲಿ ಆಡುವುದು ಕನ್ನಡ. ಅರ್ಥವಾಗದೆಯೂ ಗೋಣು ಹಾಕಿಯಾಳು. ಆದ್ದರಿಂದ ತಾಯಂದಿರೇ, ಮನೆಮಾತಿನಲ್ಲೇ ಶುರುಮಾಡಿರಿ. ಚಿತ್ರ ತೋರಿಸಿ, ಮುಟ್ಟು ಎಂದರೇನು, ಬಸುರು ಹೇಗಾಗುತ್ತದೆ ಎಂದು ನಾಚದೆ ಹೇಳಿರಿ. ಗಂಡುಮಕ್ಕಳಿಗೂ ಹೇಳಬೇಕು, ಇದನ್ನು ಮರೆಯುವವರೇ ಹೆಚ್ಚು. ಅಕ್ಕನ ಕೂಸಿಗೆ ಉಣಿಸುವುದು, ತೊಳೆಯುವುದು, ರಾತ್ರಿ ಅತ್ತಾಗ ಏಳುವುದು, ಎಲ್ಲದರಲ್ಲಿಯೂ ಜೊತೆಗೆ ಕರೆದುಕೊಳ್ಳಿರಿ. ಬಳಿಕ ನಿಮಗೆ ಬೇಕಾದ ಉತ್ತರವನ್ನು ಬಾಯಿಗೆ ತುರುಕದೆ ಕೇಳಿರಿ. ಎಂಟು ದಿನ ಬಿಟ್ಟು, ಬೇರೆ ಮಾತಿನಲ್ಲಿ, ಮತ್ತೆ ಕೇಳಿರಿ. ಬೇಕು ಎಂದರೆ ಮುಂದೆ ಯಾರು ಜೊತೆ ನಿಲ್ಲುತ್ತೀರಿ ಎಂಬುದನ್ನು ಮನೆಮಂದಿ ಆಕೆಯೆದುರಿಗೇ ಕುಳಿತು ಮಾತಾಡಿಕೊಳ್ಳಿರಿ.