ಶಾಲಿನ ಅಂಚು, ಹೆಣೆದವರ ಕೂಲಿ



ಬೆಟ್ಟದ ಚಳಿಗೆ ಶಾಲು ಹೊದೆಯುವ ನಾವು ಅದರ ಅಂಚನ್ನು ಗಮನಿಸುವುದು ಕಡಿಮೆ. ಆದರೆ ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಲೇಸ್ ಶಾಲಿನ ಹೆಣಿಗೆ ಅಂಚಿನಿಂದಲೇ ಶುರುವಾಗುತ್ತಿತ್ತು. ಆ ಅಂಚಿನ ಕಥೆಯನ್ನೂ ಅದನ್ನು ಹೆಣೆದ ಹೆಂಗಸರ ಕಥೆಯನ್ನೂ ಈ ಸಲ ನೋಡೋಣ.

ಶೆಟ್‌ಲ್ಯಾಂಡಿನ ಕುರಿಗಳು ಚಿಕ್ಕವು, ಅವುಗಳ ಉಣ್ಣೆ ಬಲು ಮೃದು. ಕುತ್ತಿಗೆಯ ಸುತ್ತಲಿನ ನಯವಾದ ಉಣ್ಣೆಯನ್ನು ಕತ್ತರಿ ಹಾಕದೆ ಕೈಯಿಂದಲೇ ಬಿಡಿಸಿ ಸಣ್ಣ ನೂಲು ತೆಗೆಯುತ್ತಿದ್ದರು. ಉತ್ತರ ತುದಿಯ ಅನ್ಸ್ಟ್ ದ್ವೀಪದ ಶಾಲುಗಳು ಎಷ್ಟು ತೆಳುವೆಂದರೆ, ಇಡೀ ಶಾಲು ಮದುವೆಯ ಉಂಗುರದೊಳಗೆ ಹಾದುಹೋಗುತ್ತಿತ್ತು.

ಮೊದಲು ಕಡ್ಡಿಯ ಮೇಲೆ ಕೆಲವೇ ಕುಣಿಕೆ ಹಾಕಿ ಕಿರಿದಾದ ಪಟ್ಟಿ ಹೆಣೆಯುವರು. ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿದರೆ ಒಂದು ತೂತು ಬಿದ್ದು ಒಂದು ಕುಣಿಕೆ ಹೆಚ್ಚುತ್ತದೆ. ಎರಡು ಕುಣಿಕೆ ಸೇರಿಸಿ ಹೆಣೆದರೆ ಒಂದು ಕಡಿಮೆಯಾಗುತ್ತದೆ. ಈ ಲೆಕ್ಕದಿಂದಲೇ ಪಟ್ಟಿಯ ಒಂದು ಬದಿ ಹಲ್ಲುಹಲ್ಲಾಗಿ, ಇನ್ನೊಂದು ಬದಿ ನೇರವಾಗಿ ಬರುತ್ತದೆ. ನೇರ ಬದಿಯಿಂದ ಹೊಸ ಕುಣಿಕೆಗಳನ್ನು ಎತ್ತಿಕೊಂಡು ಒಳಮುಖವಾಗಿ ಶಾಲು ಹೆಣೆಯುವರು. ಹೊರಸುತ್ತಿನಲ್ಲಿ ಬಿಗಿಯಾಗಿ ಮುಗಿಸಿದ ಸಾಲು ಇಲ್ಲದ್ದರಿಂದ ಅಂಚು ಚೆನ್ನಾಗಿ ಹಿಗ್ಗುತ್ತದೆ. ಒಗೆದ ಮೇಲೆ ಪ್ರತಿ ಹಲ್ಲಿನ ತುದಿಗೂ ದಾರ ಪೋಣಿಸಿ, ಮರದ ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಒಳಗಿನ ಚಿತ್ತಾರವೆಲ್ಲ ಅರಳುವುದು ಆಗಲೇ. ಇಡೀ ಶಾಲಿನ ಎಳೆತವನ್ನು ತಡೆಯುವುದು ಆ ಅಂಚೇ!

ವಿಕ್ಟೋರಿಯಾ ರಾಣಿ ಈ ಲೇಸನ್ನು ಮೆಚ್ಚಿದ್ದಳು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದಕ್ಕೆ ಜಾಗ ಸಿಕ್ಕಿತು, ಶ್ರೀಮಂತರಿಂದ ಬೇಡಿಕೆ ಬಂತು. ಆದರೆ ಹೆಣೆದವರ ಕೈಗೆ ಕಾಸು ಬರಲಿಲ್ಲ. ಶಾಲು ತಂದವರಿಗೆ ವ್ಯಾಪಾರಿಗಳು ಹಣದ ಬದಲು ತಮ್ಮ ಅಂಗಡಿಯ ಬಟ್ಟೆ, ಚಹಾಪುಡಿ ಕೊಡುತ್ತಿದ್ದರು. ಮನೆಗೆ ಬೇಕಾದದ್ದು ಹಿಟ್ಟು. ಹಾಗಾಗಿ ಆ ಚಹಾಪುಡಿಯನ್ನೇ ಬೇರೆಯವರಿಗೆ ಕೊಟ್ಟು ಹಿಟ್ಟು ತಂದುಕೊಂಡವರಿದ್ದರು.

1872ರಲ್ಲಿ ಸರಕಾರದ ವಿಚಾರಣೆ ನಡೆಯಿತು. ಹೆಣಿಗೆಯ ಹೆಂಗಸರು ತಾವೇ ಮುಂದೆ ಬಂದು ತಮ್ಮ ಲೆಕ್ಕ ಹೇಳಿದರು. ಅವರ ಮಾತುಗಳು ಪ್ರಶ್ನೋತ್ತರವಾಗಿ ವರದಿಯಲ್ಲಿ ಅಚ್ಚಾದವು. 1887ರ ಕಾನೂನು ಮನೆಯಲ್ಲಿ ಹೆಣೆದು ಮಾರುವ ಉಣ್ಣೆಯ ವಸ್ತುಗಳಿಗೂ ಹಣವನ್ನೇ ಕೊಡಬೇಕೆಂದಿತು. ಹಳೆಯ ಪದ್ಧತಿ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ನಮ್ಮ ಮನೆಗಳಲ್ಲೂ ಅಮ್ಮಂದಿರು, ಅಕ್ಕಂದಿರು ಸ್ವೆಟರ್ ಹೆಣೆಯುತ್ತಾರೆ, ಕ್ರೋಶಾ ಹಾಕುತ್ತಾರೆ. "ಮನೆಯಲ್ಲೇ ಕೂತು ಮಾಡುವ ಕೆಲಸ ತಾನೇ" ಎಂದು ನಾವು ಚೌಕಾಸಿಗೆ ಇಳಿಯುತ್ತೇವೆ. ಇನ್ನು ಮುಂದೆ ಅವರಲ್ಲಿ ಏನಾದರೂ ಕೊಂಡರೆ, ಎಷ್ಟು ದಿನ ಹಿಡಿಯಿತೆಂದು ಮೊದಲು ಕೇಳೋಣ. ಆಮೇಲೆ ಅದಕ್ಕೆ ತಕ್ಕ ಹಣವನ್ನು ಅಂದೇ ಕೊಡೋಣ.